ಗೋಡೆಯ ಕಡೆಗಿದ್ದ ಮುಖ

ಹುಣಸೆಹುಳಿ ಹಿತ್ತಾಳೆಗೆ ತಾಗಿದ ಕೂಡಲೇ ಒಂದು ವಾಸನೆ ಏಳುತ್ತದೆ, ಚೊಂಬಿನ ಅಂಚು ಕಚ್ಚಿದ ಹಾಗೆ. ನಿನ್ನೆ ಗುರುವಾರ, ಹಿತ್ತಿಲ ಕಲ್ಲಿನ ಮೇಲೆ ದೀಪದ ಕಂಬ ತಿಕ್ಕುತ್ತಿದ್ದ ನನ್ನ ಕೈ ಆ ವಾಸನೆಗೆ ನಿಂತಿತು. ಪಕ್ಕದ ಮನೆಯ ಎರಕದ ತಾತ ಬಂದು ಜಗಲಿಯ ಮೇಲೆ ಕೂತ ಹಾಗಾಯಿತು...

ನಾನು ತುರುವೇಕೆರೆಗೆ ಸೊಸೆಯಾಗಿ ಬಂದಾಗಲೇ ತಾತನಿಗೆ ಕಣ್ಣು ಮಂಜು. ಕೊಬ್ಬರಿ ಒಡೆದ ಮನೆಗಳಿಂದ ಕರಟ ತಂದು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಮೇಣದಲ್ಲಿ ದೇವರನ್ನು ತಿದ್ದಿ, ಮೇಲೆ ಕೆರೆಮಣ್ಣು ಮೆತ್ತಿ, ಮೇಣ ಕರಗಿಹೋದ ಜಾಗಕ್ಕೆ ಲೋಹ ಸುರಿಯುವುದು ಅವರ ಕಸುಬು. ಕೊನೆಗೆ ಮಾಡಿದ್ದು ಗೇಣುದ್ದದ ಹಿತ್ತಾಳೆ ಬ್ರಹ್ಮ. ಮಾಡಿಸಿದ್ದ ದಂಡಿನಶಿವರ ಊರಿನವರು ತಿರುಗಿಸಿ ನೋಡಿ, "ಮೂರು ಮುಖಕ್ಕೆ ಗಡ್ಡ ಐತೆ, ಹಿಂದಿನದಕ್ಕಿಲ್ಲ! ಬ್ರಹ್ಮನ್ನ ಅರ್ಧ ಕ್ಷೌರದಾಗೇ ಎಬ್ಬಿಸ್ಬುಟ್ಯೇನಜ್ಜ?" ಎಂದು ನಕ್ಕು, ಬಿಟ್ಟುಹೋದರು.

ತಾತ ಅದನ್ನು ನಮ್ಮ ಮನೆಗೆ ತಂದರು. "ನಮ್ಮವ್ಳು ಮನೇಲಿ ಬ್ಯಾಡ ಅಂತಾಳೆ. ನಿಮ್ ಗೂಡಲ್ಲಿ ಇರ್ಲಿ ಕಣವ್ವ."

"ಬ್ರಹ್ಮನಿಗೆ ಪೂಜೆ ಇಲ್ವಂತಲ್ಲ ತಾತ?"

"ಪೂಜೆ ಬ್ಯಾಡ. ಇರ್ಲಿ, ಅಷ್ಟೆ."

ಆಮೇಲೆ ಪ್ರತಿ ಶುಕ್ರವಾರ ಬರುತ್ತಿದ್ದರು. ನಾನು ಕಾಫಿ ಕೊಡುವಷ್ಟರಲ್ಲಿ ಬ್ರಹ್ಮ ಅವರ ತೊಡೆಯ ಮೇಲಿರುತ್ತಿದ್ದ. ಬೆರಳಲ್ಲೇ ತಡವಿ ಹೇಳುತ್ತಿದ್ದರು: "ಈ ಕಮಂಡಲದ ನೀರಿಂದ್ಲೇ ಎಲ್ಲಾ ಹುಟ್ಟೋದು. ಪುಸ್ತಕ ಅಂದ್ರೆ ತಿಳಿವಳಿಕೆ. ಜಪಮಾಲೆ ಅಂದ್ರೆ ಕಾಲ. ಎಣಿಸ್ತಾನೇ ಇರ್ತಾನೆ, ಯಾರಿಗೋಸ್ಕರಾನೂ ನಿಲ್ಸಲ್ಲ."

"ಹಿಂದಿನ ಮುಖ?"

"ಗೋಡೆ ಕಡೆ ಇರೋದನ್ನ ಯಾರ್ ನೋಡ್ತಾರೆ, ಬುಡು."

ಆದರೆ ಕಾಫಿ ಆರುವವರೆಗೂ ಅವರ ಹೆಬ್ಬೆರಳು ಇರುತ್ತಿದ್ದುದು ಆ ಮುಖದ ಮೇಲೇ.

ಕೈಜಿಡ್ಡಿಗೆ ಆ ಮುಖ ಬೇಗ ಕಪ್ಪಾಗುತ್ತಿತ್ತು. ನಮ್ಮ ಮನೆಯಲ್ಲಿ ಹಿತ್ತಾಳೆ ಮಂಕಾಗಿರಬಾರದು ಎನ್ನುವ ಹಟ ನನಗೆ. ಗುರುವಾರ ಬಂತೆಂದರೆ ಹುಣಸೆಹಣ್ಣು, ಇಟ್ಟಿಗೆಪುಡಿ, ತೆಂಗಿನ ನಾರು. ಉಳಿದ ಮೂರಕ್ಕೆ ಒಂದು ಸಲ, ಅದಕ್ಕೆ ಮೂರು ಸಲ. ಹೀಗೇ ವರ್ಷಗಟ್ಟಲೆ...

ಒಂದು ಶುಕ್ರವಾರ ತಾತನ ಹೆಬ್ಬೆರಳು ತಡೆದು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಹುಡುಕಿತು.

"ಇಲ್ಲೊಂದು ಮಚ್ಚೆ ಇತ್ತು ಕಣವ್ವ... ಗದ್ದದ ಮ್ಯಾಲೆ."

"ತಿಕ್ಕಿ ತಿಕ್ಕಿ ಸವೆದಿರಬೇಕು ತಾತ. ಎಷ್ಟು ಕಪ್ಪಾಗ್ತಿತ್ತು ಅಂತೀರಿ! ಈಗ ನೋಡಿ, ಚಿನ್ನದಂಗೆ ಹೊಳೀತಿದೆ," ಎಂದೆ. ಹೊಗಳಿಸಿಕೊಳ್ಳುವ ಆಸೆಯಿಂದಲೇ ಅಂದೆ.

ತಾತ ಬ್ರಹ್ಮನನ್ನು ಮೆಲ್ಲಗೆ ಕೆಳಗಿಟ್ಟರು. "ಒಳ್ಳೆ ಕೈ ಕಣವ್ವ ನಿಂದು," ಎಂದರು. ಕಾಫಿ ಅರ್ಧ ಉಳಿದಿತ್ತು. ಮುಂದಿನ ಶುಕ್ರವಾರ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಅವರ ಹನ್ನೊಂದನೇ ದಿನದ ಊಟ ಬಡಿಸುತ್ತಿದ್ದಾಗ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. "ನಮ್ಮ ಹೆಣ್ಣುಮಗು ಏಳು ವರ್ಸಕ್ಕೇ ಜ್ವರದಾಗ್ ಹೋಯ್ತು. ಒಂದ್ ಫೋಟೋನೂ ಇರ್ಲಿಲ್ಲ. ಕಣ್ಣು ಪೂರಾ ಹೋಗೋದ್ರೊಳಗೆ ಮೇಣದಾಗೆ ಆ ಬ್ರಹ್ಮನ್ ಹಿಂದ್ಗಡೆ ಅವಳ ಮುಖ ತಿದ್ದಿದ್ರು. ನನ್ ಕೈಲಿ ನೋಡಕ್ಕಾಗ್ದೆ ಆಚೆ ಕಳಿಸ್ದೆ. ಮಗೀನ್ ಮಾತಾಡಿಸ್ಕಂಡ್ ಬತ್ತೀನಿ ಅಂತ ನಿಮ್ಮನೆಗ್ ಬರೋರು."

ನನ್ನ ಕೈಯಲ್ಲಿ ಅನ್ನದ ಬೋಗುಣಿ ಇತ್ತು. ಏನು ಹೇಳಿದೆನೋ ನೆನಪಿಲ್ಲ. ಮಚ್ಚೆಯ ವಿಷಯ ಮಾತ್ರ ಹೇಳಲಿಲ್ಲ.

ಈಗ ಆ ತಾಯಿಯೂ ಇಲ್ಲ. ಆ ಮಗುವಿನ ಮುಖ ಬಲ್ಲವರು ಯಾರೂ ಉಳಿದಿಲ್ಲ. ನಿನ್ನೆಯೂ ಮೂರು ಮುಖ ತಿಕ್ಕಿ, ನಾಲ್ಕನೆಯದನ್ನು ಹಾಗೇ ಬಿಟ್ಟೆ. ಅದು ಮತ್ತೆ ಕಪ್ಪಾಗಿದೆ, ನನ್ನ ಹೆಬ್ಬೆರಳಿನ ಜಿಡ್ಡಿಗೆ. ಗದ್ದದ ಹತ್ತಿರ ಒಂದೊಂದು ಸಲ ಏನೋ ತಾಗಿದ ಹಾಗಾಗುತ್ತದೆ... ಬೆಳಕಿಗೆ ಹಿಡಿದರೆ, ನುಣುಪು.