ನಿಲ್ಲಕ್ಕನ ಗಂಡನ 'ಆಯ್ತು'

ನಿಲ್ಲಕ್ಕನ ಗಂಡ 'ಆಯ್ತು' ಅಂದರೆ ಅದಕ್ಕೆ ಎರಡು ಅರ್ಥ. ಮಾಡಿ ಮುಗಿಸಿದೆ ಅನ್ನುವುದು ಒಂದು. ಕೇಳಿಸಿತು, ಇನ್ನು ತಲೆ ತಿನ್ನಬೇಡ ಅನ್ನುವುದು ಇನ್ನೊಂದು. ಮನೆಯಲ್ಲಿ ಬಳಕೆಯಾಗುತ್ತಿದ್ದುದು ಬಹುಪಾಲು ಎರಡನೆಯದೇ. "ರೀ, ಒಲೆ ಆರಿಸಿ" ಅಂದರೆ "ಆಯ್ತು" ಅನ್ನುವನು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ಪುಣ್ಯಾತ್ಮ ಕುರ್ಚಿಯಿಂದ ಎದ್ದಿರುತ್ತಿರಲಿಲ್ಲ. "ನಿಮ್ಮ ಆಯ್ತಿಗಿಷ್ಟು ಬೆಂಕಿ ಹಾಕ" ಎಂದು ಬೈಯುತ್ತ ಅವಳೇ ಒರೆಸುವಳು. ಮಗಳಂತೂ ಅಪ್ಪನ ಬಾಯಲ್ಲಿ ಆ ಮಾತು ಬಂದದ್ದೇ ತಡ, ತಾನೇ ಎದ್ದು ಹೋಗಿ ಆ ಕೆಲಸ ಮಾಡಿ ಬರುತ್ತಿದ್ದಳು.

ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಡೆ ಕೆಲಸ. ಸಣ್ಣ ವಿಮಾನ ಹಾರಿಸಲು ಕಲಿಸುವ ಮೈದಾನ ಅದು. ಅವನು ನಿಂತ ವಿಮಾನಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಬೇರೆ ಕಡೆಗೆ ಎಳೆಯುವವನು. ಅವಳು ಇಳಿದು ಬರುವ ವಿಮಾನಗಳಿಗೆ ಕೈಸನ್ನೆಯಲ್ಲಿ ದಾರಿ ತೋರಿಸುವವಳು. ಎರಡೂ ಕೈ ಮಡಚಿ ಮಡಚಿ ಕರೆದರೆ ಬಾ. ತಲೆಯ ಮೇಲೆ ಕತ್ತರಿಯಂತೆ ಹಿಡಿದರೆ ನಿಲ್ಲು. ಸಂಶಯ ಬಂದರೂ ಬರದಿದ್ದರೂ ಅವಳ ಕೈ ಕತ್ತರಿಯಾಗುತ್ತಿತ್ತು. ಅದಕ್ಕೇ ಕಲಿಯಲು ಬಂದವರು ಅವಳಿಗೆ ಇಟ್ಟ ಹೆಸರು ನಿಲ್ಲಕ್ಕ. ಬೆನ್ನ ಹಿಂದೆ ಪುಕ್ಕಲಿ ಎಂದೂ ಆಡಿಕೊಳ್ಳುತ್ತಿದ್ದರು. ಪುಕ್ಕಲಿಯೇ ಹೌದು, ಸುಳ್ಳೇಕೆ ಹೇಳಬೇಕು?

ಆಕಾಶದಲ್ಲಿರುವ ವಿಮಾನಕ್ಕೆ ಅವಳು ಹೆದರುತ್ತಿರಲಿಲ್ಲ. ಅಲ್ಲಿ ಬೇಕಾದಷ್ಟು ಜಾಗವಿದೆ. ನೆಲದ ಮೇಲೆ ಓಡಾಡುವುದನ್ನು ಕಂಡರೆ ಮಾತ್ರ ಜೀವ ಹಿಡಿಯಷ್ಟಾಗುತ್ತಿತ್ತು. ಉದ್ದನೆಯ ಏಣಿಯನ್ನು ಹೆಗಲ ಮೇಲೆ ಅಡ್ಡ ಹೊತ್ತು ಓಣಿಯಲ್ಲಿ ನಡೆಯುವವರ ಹಾಗೆ ಅದರ ರೆಕ್ಕೆ ಎರಡೂ ಕಡೆ ಚಾಚಿರುತ್ತದೆ. ಮೂತಿಯ ಪ್ರೊಪೆಲ್ಲರ್ ಅಂತೂ ಜೋರಾಗಿ ತಿರುಗಿದಷ್ಟೂ ಕಣ್ಣಿಗೇ ಕಾಣುವುದಿಲ್ಲ. ಏನೂ ಇಲ್ಲವೆಂಬಂತೆ ಕಾಣುವ ಆ ಜಾಗ ಅವಳ ಕನಸಿನಲ್ಲೂ ಬರುತ್ತಿತ್ತು.

ಮೈದಾನದಲ್ಲಿ ಒಂದು ದೊಡ್ಡ ಶೆಡ್ಡು. ವಿಮಾನಗಳ ದಾರಿ ಅದರ ಮೂಲೆ ಸುತ್ತಿ ಹಿಂದಕ್ಕೆ ಹೋಗುತ್ತದೆ. ಅವಳು ನಿಲ್ಲುವುದು ಈಚೆ. ಶೆಡ್ಡಿನ ಹಿಂದೆ ಏನಿದೆ ಎಂದು ಅವಳಿಗೆ ಕಾಣುವುದಿಲ್ಲ. ಅಲ್ಲಿರುವವನು ಗಂಡ. ಇಬ್ಬರ ನಡುವೆ ವಾಕಿಟಾಕಿ.

ಆ ಮಧ್ಯಾಹ್ನ ಶೆಡ್ಡಿನ ಹಿಂದೆ ಟೈರಿನ ಗಾಳಿ ಹೋದ ವಿಮಾನವೊಂದು ದಾರಿಗೆ ಅಡ್ಡ ನಿಂತಿತ್ತು. ಇತ್ತ ಹಾರಾಟ ಮುಗಿಸಿ ಇನ್ನೊಂದು ಬಂತು. ಒಳಗಿದ್ದವಳು ಹವ್ಯಾಸಕ್ಕೆ ಕಲಿಯುತ್ತಿದ್ದ ಹಲ್ಲಿನ ಡಾಕ್ಟರು, ಒಬ್ಬಳೇ. ನಿಲ್ಲಕ್ಕ ಕೈ ಕತ್ತರಿ ಮಾಡಿ ಅದನ್ನು ನಿಲ್ಲಿಸಿದಳು. ಆಮೇಲೆ ಭುಜಕ್ಕೆ ಸಿಕ್ಕಿಸಿದ್ದ ವಾಕಿಟಾಕಿಯ ಗುಂಡಿ ಒತ್ತಿದಳು.

"ರೀ, ಆ ವಿಮಾನ ಆಚೆ ಎಳೀರಿ. ಇಲ್ಲೊಬ್ರು ಬಂದಿದ್ದಾರೆ."

ಬರೀ ಗರಗರ. ಒಂದು ವಿಮಾನ ಎಳೆದು ಬದಿಗಿಡುವಷ್ಟು ಹೊತ್ತು ಗರಗರ. ಆಮೇಲೆ ಅವನ ದನಿ: "ಆಯ್ತು."

ಅವಳು ಅದನ್ನು ಮೊದಲನೆಯ ಅರ್ಥದಲ್ಲಿ ತೆಗೆದುಕೊಂಡಳು. ಕೈ ಮಡಚಿ ಕರೆದಳು. ವಿಮಾನ ಅವಳ ಪಕ್ಕದಿಂದ ಸಾಗಿ ಮೂಲೆ ತಿರುಗಿತು. ಅದರ ಬಾಲ ಮರೆಯಾಗುವಷ್ಟರಲ್ಲಿ ಭುಜದ ಮೇಲೆ ಮತ್ತೆ ಗಂಡನ ದನಿ, ಆರಾಮವಾಗಿ:

"ಇಗೋ, ಕೊಂಡಿ ಹಾಕ್ತಿದ್ದೀನಿ. ಒಂಚೂರು ಇರು."

ಟ್ರ್ಯಾಕ್ಟರಿನ ಕೊಂಡಿ ಹಾಕುವುದೆಂದರೆ ವಿಮಾನದ ಮೂತಿಯ ಕೆಳಗೆ, ಚಕ್ರದ ಬಳಿ, ಬರುವವರಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂರುವುದು. "ಏಳ್ರಿ! ಓಡ್ರಿ!" ಎಂದು ಅರಚಿದಳು, ಗುಂಡಿ ಒತ್ತಬೇಕೆಂಬುದೇ ಮರೆತುಹೋಗಿತ್ತು. ಓಡಿದಳು. ಶೆಡ್ಡಿನ ಗೋಡೆ ಮುಗಿಯಲೇ ಒಲ್ಲದು. ಅಯ್ಯೋ, ನಾನೇ ಕರೆದೆ, ನನ್ನ ಕೈಯಾರೆ ಕರೆದೆ. ಅಷ್ಟರಲ್ಲಿ ದೊಡ್ಡ ಡಬ್ಬವೊಂದನ್ನು ತುಳಿದಂಥ ಸದ್ದು. ಅದರ ಹಿಂದೆಯೇ ಎಂಜಿನ್ ಗಕ್ಕನೆ ನಿಂತಿತು.

ಮೂಲೆ ತಿರುಗಿ ನೋಡಿದರೆ, ಒಂದರ ರೆಕ್ಕೆ ಇನ್ನೊಂದರ ಬಾಲವನ್ನು ಸೀಳಿತ್ತು. ಅಡ್ಡ ನಿಂತಿದ್ದದ್ದು ಗಿರಕ್ಕನೆ ತಿರುಗಿ ಟ್ರ್ಯಾಕ್ಟರಿಗೆ ಗುದ್ದಿತ್ತು. ಮೂತಿಯ ಕೆಳಗೆ ಯಾರೂ ಇರಲಿಲ್ಲ. ಒಂದು ಬೂಟು ಬಿದ್ದಿತ್ತು. ಬೆಳಿಗ್ಗೆ ಅವಳೇ ಹೊಸ ದಾರ ಪೋಣಿಸಿ ಕೊಟ್ಟಿದ್ದ ಬೂಟು. ಅದರೊಳಗೆ ಕಾಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

"ರೀ... ಇದ್ದೀರಾ?"

ಹಲ್ಲಿನ ಡಾಕ್ಟರು ವಿಮಾನದಿಂದ ಇಳಿದು, "ನೀವೇ ಬಾ ಅಂದ್ರಲ್ಲ, ನೀವೇ ಅಂದ್ರಲ್ಲ" ಎಂದು ಅಳತೊಡಗಿದಳು.

ಟ್ರ್ಯಾಕ್ಟರಿನ ಅಡಿಯಿಂದ ಬರೀ ಕಾಲುಚೀಲದ ಕಾಲೊಂದು ಹೊರಗೆ ಬಂತು. ಆಮೇಲೆ ಗಂಡ. ಹಣೆಯಲ್ಲಿ ರಕ್ತ, ಮುಖ ಸುಣ್ಣದಂತೆ ಬಿಳುಪು. "ಸದ್ದು ತೀರಾ ಹತ್ರ ಬಂತು, ಉರುಳಿಬಿಟ್ಟೆ," ಅಂದ. ಅವಳು ಅವನನ್ನು ಮುಟ್ಟಲೂ ಇಲ್ಲ. ಅಲ್ಲೇ ಕುಸಿದು, ಬೂಟನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತಳು.

ವಿಚಾರಣೆಯಲ್ಲಿ ಗಂಡ, "ತಪ್ಪು ನಂದೇ ಸಾರ್, ಮನೇಲೂ ಹೀಗೇ ಅಂತೀನಿ" ಎಂದು ಒಪ್ಪಿಕೊಂಡ. ಮ್ಯಾನೇಜರು ಅವಳ ಕಡೆ ತಿರುಗಿದರು.

"ಮನೇಲಿ ಇವರ ಆಯ್ತು ಅನ್ನೋ ಮಾತು ನಂಬ್ತೀರಾ?"

"ಇಲ್ಲ ಸಾರ್."

"ಮತ್ತೆ ಇಲ್ಲಿ ಯಾಕೆ ನಂಬಿದ್ರಿ?"

"ಮನೇಲಾದ್ರೆ ಹಾಲು ಉಕ್ಕುತ್ತೆ, ಅಷ್ಟೇ ಸಾರ್. ಇಲ್ಲಿ ಹಾಗೆ ಹೇಳಲ್ಲ ಅಂದ್ಕೊಂಡೆ."

ಕೆಲಸವೇನೋ ಉಳಿಯಿತು, ಭಯವೂ ಉಳಿಯಿತು. ಈಗ ಅವನು 'ಆಯ್ತು' ಅನ್ನುವುದನ್ನು ಬಿಟ್ಟಿದ್ದಾನೆ. ಒಲೆ ಆರಿಸಿದಿರಾ ಅಂದರೆ "ಇನ್ನೂ ಇಲ್ಲ ಕಣೇ, ಏಳ್ತಿದ್ದೀನಿ" ಅನ್ನುತ್ತಾನೆ. ಹಾಲು ಈಗಲೂ ಉಕ್ಕುತ್ತದೆ, ಅವಳು ಬೈಯುವುದಿಲ್ಲ.

ಮೈದಾನದಲ್ಲಿ ಮಾತ್ರ ಅವಳಿಗೆ ಅಷ್ಟು ಸಾಲದು. ವಿಮಾನ ಬಂದು ನಿಂತಿರುತ್ತದೆ. ಒಳಗಿರುವವರು ಹೊತ್ತಾಯಿತೆಂದು ಗೊಣಗುತ್ತಿರುತ್ತಾರೆ. ಅವಳ ಕೈಗಳು ತಲೆಯ ಮೇಲೆ ಕತ್ತರಿಯಾಗಿಯೇ ಇರುತ್ತವೆ.

"ಎಳೆದು ಬದಿಗಿಟ್ಟಿದ್ದೀನಿ, ದಾರಿ ಖಾಲಿ ಇದೆ," ಅನ್ನುತ್ತದೆ ವಾಕಿಟಾಕಿ. ಅವಳು ಒಂದು ಕೈ ಮಾತ್ರ ಗುಂಡಿಗೆ ಇಳಿಸುತ್ತಾಳೆ.

"ನೀವೆಲ್ಲಿದ್ದೀರಿ?"

"ಗೋಡೆ ಪಕ್ಕ."

"ಕೈ ತೋರ್ಸಿ."

ಶೆಡ್ಡಿನ ಮೂಲೆಯಿಂದ ಎಣ್ಣೆ ಮೆತ್ತಿದ ಕೈಯೊಂದು ಹೊರಗೆ ಬಂದು ಆಡುತ್ತದೆ. ಆ ಕೈ ಕಾಣುವವರೆಗೆ ಅವಳು ಯಾರನ್ನೂ ಬಾ ಎಂದು ಕರೆಯುವುದಿಲ್ಲ.