ಏಳರ ತಾಳ, ಅರ್ಧ ಮೀಸೆ

ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಒಂದು ಸ್ಪೀಕರ್. ಆ ಕ್ಷೌರದಂಗಡಿಯ ಸಕಲ ಸಂಪತ್ತು ಇಷ್ಟೇ. ಒಂದು ಕುರ್ಚಿ ಭಾವನದು, ಇನ್ನೊಂದು ಅವನ ಹೆಂಡತಿಯ ತಮ್ಮನದು. ಕುರ್ಚಿಯ ವಿಚಾರಕ್ಕೆ ತಕರಾರಿರಲಿಲ್ಲ. ಕುರುಕ್ಷೇತ್ರ ನಡೆಯುತ್ತಿದ್ದದ್ದು ಸ್ಪೀಕರಿಗಾಗಿ.

ಭಾವನಿಗೆ ಸುದ್ದಿ ಬೇಕು. ತಮ್ಮನಿಗೆ ಇಡೀ ಭೂಮಂಡಲದ ಜನಪದ ಸಂಗೀತ ಬೇಕು. ಜನ ಅವನಿಗೆ ಭೂಗೋಳ ಎಂದು ಹೆಸರಿಟ್ಟದ್ದು ಅದಕ್ಕೇ. ಹೊಟ್ಟೆ ನೋಡಿ ಇಟ್ಟದ್ದು ಎನ್ನುವವರೂ ಇದ್ದರು.

ಅಂಗಡಿಯ ಹೊಸ್ತಿಲು ಬಿಟ್ಟು ಕದಲದ ಈ ವೀರ, ಫೋನಿನಲ್ಲೇ ದಂಡಯಾತ್ರೆ ಹೊರಟು ಮಂಗೋಲಿಯಾದ ಹುಲ್ಲುಗಾವಲಿನಿಂದ ಒಂದೇ ಗಂಟಲಲ್ಲಿ ಎರಡು ಸ್ವರ ಹೊರಡಿಸುವವರನ್ನು ಹಿಡಿದು ತಂದಿದ್ದ. ಪೋರ್ಚುಗಲ್ಲಿನ ವಿರಹಗೀತೆ, ಸ್ಕಾಟ್ಲೆಂಡಿನ ಚೀಲವಾದ್ಯ, ಎಲ್ಲವನ್ನೂ ಗೆದ್ದು ತಂದು ಗಿರಾಕಿಗಳ ಪಾದಕ್ಕೆ ಸುರಿದಿದ್ದ. ಆ ಕಪ್ಪಕಾಣಿಕೆಯನ್ನು ಮುಟ್ಟಿ ನೋಡುವವರೇ ಇಲ್ಲ! ಮಂಗೋಲಿಯಾ ಕೇಳಿದ ದರ್ಜಿ, "ನಲ್ಲೀಲಿ ನೀರು ಬಂತೇನೋ, ನೋಡಪ್ಪ," ಎಂದ. ಪೋರ್ಚುಗಲ್ ಕೇಳಿದ ಬಸ್ ಡ್ರೈವರ್ ದನಿ ತಗ್ಗಿಸಿ, "ಯಾರು ಹೋಗ್ಬಿಟ್ರು?" ಎಂದು ವಿಚಾರಿಸಿದ. ಚೀಲವಾದ್ಯಕ್ಕೆ ಒಂದು ಮಗು ಚಿಟ್ಟನೆ ಚೀರಿತು.

ಭೂಗೋಳನಿಗೆ ಮೈಯೆಲ್ಲ ಉರಿ. ಅವನು ಬಯಸಿದ್ದಾದರೂ ಏನು? ಚಪ್ಪಾಳೆಯೇ, ಹಾರವೇ? ಒಂದೇ ಒಂದು ನರಪ್ರಾಣಿ 'ಇದು ಯಾವ ದೇಶದ್ದು?' ಎಂದು ಕೇಳಬಾರದೆ?

ಕಡೆಗೆ ಭಾವನೇ ಸಂಧಾನಕ್ಕೆ ಇಳಿದ.

"ನೋಡೋ, ಇವತ್ತು ಬೆಳಗ್ಗೆ ಪೂರ್ತಿ ನೀನೇ ಹಾಕು. ಒಬ್ಬನೇ ಒಬ್ಬ ಗಿರಾಕಿ ಯಾವ ದೇಶದ್ದು ಅಂತ ಕೇಳಿದ್ರೆ ಸ್ಪೀಕರ್ ನಿಂದು. ಕೇಳ್ಲಿಲ್ವೋ, ನನ್ನ ಸುದ್ದಿಗೆ ಅಡ್ಡ ಬರಬಾರ್ದು."

"ಆಯ್ತು ಭಾವ. ಆದ್ರೆ ನೀವು ಅವರಿಗೆ ಕಣ್ಸನ್ನೆ ಮಾಡಂಗಿಲ್ಲ."

"ನಾನ್ಯಾಕೋ ಮಾಡ್ಲಿ? ನಿನ್ನ ಹಾಡು ಸಾಲ್ದಾ, ಓಡ್ಸೋಕೆ?"

ಬಂದವರು ಬಂದರು, ಹೋದವರು ಹೋದರು. ಒಬ್ಬ, "ಸ್ವಲ್ಪ ಕಮ್ಮಿ ಮಾಡಿ," ಎಂದ, ಕೂದಲನ್ನಲ್ಲ, ಸದ್ದನ್ನು. ಇನ್ನೊಬ್ಬ ಕಿವಿಗೆ ಹತ್ತಿ ಕೇಳಿದ. ಹೊತ್ತು ನೆತ್ತಿಗೇರುವಾಗ ವಿಮಾ ಏಜೆಂಟರು ಬಂದು ಭೂಗೋಳನ ಕುರ್ಚಿಯಲ್ಲಿ ಕೂತರು. ಸುತ್ತಮುತ್ತ ಅಂಥ ಮೀಸೆ ಇನ್ನೊಂದಿರಲಿಲ್ಲ.

"ತುದಿ ಮಾತ್ರ," ಎಂದು ಕಣ್ಣು ಮುಚ್ಚಿದರು.

ಭೂಗೋಳ ಬ್ರಹ್ಮಾಸ್ತ್ರ ತೆಗೆದ: ಬಲ್ಗೇರಿಯಾದ ಕುಣಿತದ ಹಾಡು. ಎರಡು, ಎರಡು, ಮೂರು. ಏಳು ಪೆಟ್ಟಿನ ತಾಳ.

ಇಲ್ಲಿ ಕಸುಬಿನ ವಿಚಾರವೊಂದಿದೆ. ಕ್ಷೌರಿಕನ ಕತ್ತರಿ ಸುಮ್ಮನಿರುವ ಜಾತಿಯದಲ್ಲ. ಮೂರು ಸಲ ಗಾಳಿಯಲ್ಲಿ ಚಕ್ ಚಕ್ ಚಕ್, ನಾಲ್ಕನೆಯದು ಕೂದಲಿಗೆ. ನಿದ್ದೆಗಣ್ಣಲ್ಲೂ ಕೈ ಈ ಲೆಕ್ಕ ಬಿಡದು. ಆದರೆ ಏಳರ ತಾಳ ಮೈಗೇರಿ ಭೂಗೋಳನ ಕಾಲು ಕುಣಿಯಿತು, ಹೊಟ್ಟೆ ಕುಣಿಯಿತು, ಕೈ ದಾರಿ ತಪ್ಪಿತು. ಗಾಳಿಗೆ ಬೀಳಬೇಕಿದ್ದ ಪೆಟ್ಟು ಮೀಸೆಯ ಬುಡಕ್ಕೆ ಬಿತ್ತು. ಎಡಗಡೆಯ ಸಾಮ್ರಾಜ್ಯ ಏಜೆಂಟರ ಮಡಿಲಿಗೆ ಉರುಳಿತು.

ಅವರು ಕಣ್ಣು ತೆರೆದರು. ಕನ್ನಡಿ ನೋಡಿದರು. ಮಡಿಲು ನೋಡಿದರು. ಹಾಡು ಮಾತ್ರ ಎಗ್ಗಿಲ್ಲದೆ ಕುಣಿಯುತ್ತಲೇ ಇತ್ತು.

"ಯಾವ ದೇಶದ್ರೀ ಅದು?" ಎಂದು ಗುಡುಗಿದರು.

ಭೂಗೋಳನ ಮುಖ ಊರಗಲವಾಯಿತು. ಮೀಸೆ, ಮಾನ, ಮರ್ಯಾದೆ ಎಲ್ಲ ಮರೆತ.

"ಬಲ್ಗೇರಿಯಾ ಸಾರ್! ಎರಡು, ಎರಡು, ಮೂರು ಅಂತ ಎಣಿಸ್ಬೇಕು... ಭಾವ, ಕೇಳಿದ್ರು! ಕೇಳೇಬಿಟ್ರು!"

"ಹೇಳಿದ್ದು ಒಳ್ಳೇದಾಯ್ತು," ಎಂದರು ಏಜೆಂಟರು. "ಇನ್ನು ಆ ದಿಕ್ಕಿಗೆ ತಲೆ ಹಾಕಿ ಮಲಗಲ್ಲ. ನಿನ್ನ ಕುರ್ಚಿಗೂ ಅಷ್ಟೇ."

ಭಾವ ಕೊಟ್ಟ ಮಾತಿಗೆ ತಪ್ಪುವವನಲ್ಲ. ಸ್ಪೀಕರ್ ಕಿತ್ತು ಭೂಗೋಳನ ಕೈಗಿಟ್ಟ.

"ನಿಂದೇ ಕಣೋ. ಮನೆಗೆ ತಗೊಂಡ್ಹೋಗು."

ಆಮೇಲೆ ಏಜೆಂಟರನ್ನು ತನ್ನ ಕುರ್ಚಿಗೆ ಕರೆದು, ಫೋನಿನಲ್ಲಿ ಸುದ್ದಿ ಹಾಕಿಕೊಂಡು, ಉಳಿದರ್ಧಕ್ಕೆ ನೊರೆ ಹಚ್ಚತೊಡಗಿದ.

ಭೂಗೋಳ ಗೆದ್ದ ಸ್ಪೀಕರನ್ನು ಅಪ್ಪಿಕೊಂಡು ಬಾಗಿಲಲ್ಲೇ ನಿಂತ. ಮನೆಯಲ್ಲಿ ಹೆಂಡತಿ ಹೋದ ತಿಂಗಳೇ ಇಡೀ ಭೂಮಂಡಲಕ್ಕೆ ಪ್ರವೇಶ ನಿಷೇಧಿಸಿದ್ದಳು.