ಕಣ್ಣು ತೆರೆಯುವ ಮೊದಲು

“ತಂಗಿ, ಅಲ್ಲೇ ನಿಲ್ಲಿಸು. ಜಳಕಾ ಮಾಡಿ ಬಾ, ಆಮ್ಯಾಲ ಕಣ್ಣು ತೆರಿ.”

ಮಾವ ಯಾವಾಗ ಬೆನ್ನ ಹಿಂದೆ ಬಂದು ನಿಂತಿದ್ದರೋ. ರಾಣೆಬೆನ್ನೂರಿನಲ್ಲಿ ಮಣ್ಣಿನ ಗಣಪತಿ ಮಾಡುವ ಮನೆ ನಮ್ಮದು. ಸೊಸೆಯಾದ ನಾನು ಕಂಪ್ಯೂಟರಿನಲ್ಲಿ ಬ್ಯಾನರ್ ಮಾಡುತ್ತೇನೆ. ಅವತ್ತು ಬ್ಯಾಡಗಿಯ ಗೆಳೆಯರ ಬಳಗವೊಂದರ ಹಬ್ಬದ ಬ್ಯಾನರಿಗೆ ಎಐನಿಂದ ಗಣಪತಿಯ ಚಿತ್ರ ಬರೆಸುತ್ತಿದ್ದೆ. ಪರದೆಯ ತುಂಬ ಒಂದೊಂದು ಕೆಲಸಕ್ಕೆ ಒಂದೊಂದು ಚೌಕ, ಅವುಗಳನ್ನು ಜೋಡಿಸುವ ಎಳೆಗಳು. ಒಂದು ಚೌಕ ನಾನು ಟೈಪು ಮಾಡಿದ್ದನ್ನು ಓದುತ್ತದೆ, ಇನ್ನೊಂದು ಧೂಳಿನಂಥ ಚುಕ್ಕೆಗಳಿಂದ ರೂಪ ಎಬ್ಬಿಸುತ್ತದೆ. ಕಣ್ಣು ಮಾತ್ರ ಪ್ರತಿ ಸಲ ಮಸುಕಾಗುತ್ತಿತ್ತು. ಅದನ್ನು ತಿದ್ದಲೆಂದೇ ಕಡೆಗೊಂದು ಚೌಕ ಇಟ್ಟಿದ್ದೆ.

ಮಾವನೂ ಕಣ್ಣು ಬರೆಯುವುದು ಕಡೆಗೇ, ಮಡಿಯಲ್ಲಿ.

“ಇದು ಮಷೀನ್ ರೀ ಮಾವಾರ,” ಎಂದೆ.

“ಬರಿಯೋರು ಯಾರರ ಆಗ್ಲಿ. ನೋಡಾಂವ ಆ ಗಣಪತೀನ ಹೌದಲ್ಲ.”

ಮಟಮಟ ಮಧ್ಯಾಹ್ನ ಗೊಣಗುತ್ತಲೇ ಎದ್ದು ಹೋದೆ. ಒದ್ದೆ ಕೂದಲಲ್ಲಿ ಮರಳಿದರೆ, ನನ್ನ ಕುರ್ಚಿಯ ಮೇಲೆ ಪರದೆಗೆ ಎದುರಾಗಿ ಕನ್ನಡಿ ನಿಂತಿತ್ತು. ಮೂರ್ತಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಮಾವ ಪ್ರತಿ ವರ್ಷ ಹಿಡಿಯುವ ಅದೇ ಕನ್ನಡಿ. ಅವರು ಗೋಡೆಗೆ ಸರಿದು ಕೈಮುಗಿದಿದ್ದರು. ನಾನು ಕಡೆಯ ಎಳೆ ಜೋಡಿಸಿ, ಬದಿಗೆ ನಿಂತು ಗುಂಡಿ ಒತ್ತಿದೆ. ಕನ್ನಡಿಯೊಳಗೆ ಎರಡು ಕಣ್ಣು ನಿಧಾನವಾಗಿ ತೆರೆದವು.

ಆ ಬ್ಯಾನರ್ ಎಂದೋ ಇಳಿಯಿತು. ಈಗಲೂ ಯಾವ ಚಿತ್ರಕ್ಕಾದರೂ ಕಣ್ಣಿನ ಆ ಕೊನೆಯ ಚೌಕಕ್ಕೆ ಎಳೆ ಜೋಡಿಸುವಾಗ, ಇನ್ನೊಂದು ಗಳಿಗೆಯಲ್ಲಿ ಯಾರೋ ನನ್ನನ್ನು ನೋಡಲಿದ್ದಾರೆ ಎನಿಸಿ ಕೈ ತಡೆಯುತ್ತದೆ.